ಕ್ಯಾಪ್ಟನ್ನರ ವೆಸ್ಟಿನೊಳಗೆ ಯಾರಿದ್ದರು?

ಆ ಸೋಮವಾರದ ವೀಡಿಯೋ ಕಾಲ್‌ನಲ್ಲಿ ಇದ್ದವರು ಐದು ಜನ, ಪರದೆಯ ಮೇಲಿನ ಚೌಕಗಳು ನಾಲ್ಕು. ಒಂದರಲ್ಲಿ ನನ್ನ ಬಾಸ್, ಐರ್ಲೆಂಡಿನ ಕಾರ್ಕ್ ಕಡೆಯ ಹೆಂಗಸು, ತಮ್ಮ ಅಡುಗೆಮನೆಯಲ್ಲಿ. ಬೆನ್ನ ಹಿಂದೆ ಒಣಗಲು ಹಾಕಿದ ಮಕ್ಕಳ ಕಾಲುಚೀಲಗಳು. ಇನ್ನೊಂದರಲ್ಲಿ ಸ್ವೋರ್ಡ್ಸ್‌ನಿಂದ ನಮ್ಮ ಮಂಗಳೂರಿನ ಗೆಳೆಯ. ನಮ್ಮ ಉಪಕರಣದೊಳಗಿನ ಸಾಫ್ಟ್‌ವೇರ್ ಅವನದೇ ಕೂಸು. ಮೂರನೆಯದರಲ್ಲಿ ನಾನು, ಡಬ್ಲಿನ್ನಿನ ಸ್ಯಾಂಟ್ರಿಯ ಅಪಾರ್ಟ್‌ಮೆಂಟಿನ ಮಲಗುವ ಕೋಣೆಯಲ್ಲಿ, ಇಸ್ತ್ರಿ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ನಾಲ್ಕನೆಯ ಚೌಕ ರಷ್ಯಾದ್ದು. ಅದರಲ್ಲಿ ಇಬ್ಬರು ಒತ್ತಿಕೊಂಡು ಕೂತಿದ್ದರು, ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು: ಐಸ್ ಹಾಕಿ ಕ್ಲಬ್ಬಿನ ಫಿಟ್‌ನೆಸ್ ಕೋಚ್ ಮತ್ತು ಅವರ ದುಭಾಷಿ ಹುಡುಗಿ.

ಕ್ಯಾಪ್ಟನ್ ಹುಷಾರಾಗಿದ್ದಾರೆ ಅನ್ನುವುದೇ ಆ ದಿನದ ಸುದ್ದಿ. ಕೋವಿಡ್ ಬಂದು ಮಲಗಿದ್ದವರು ಎದ್ದಿದ್ದಾರೆ, ಐಸ್ ಮೇಲೆ ಇಳಿದಿದ್ದಾರೆ, ವೆಸ್ಟ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ. ಶನಿವಾರ ದೊಡ್ಡ ಪಂದ್ಯ. ನಮ್ಮಿಂದ ಹಸಿರು ಬೇಕು.

ಈ ಹಸಿರು ಏನು ಅಂತ ಹೇಳಿಬಿಡುತ್ತೇನೆ. ನಮ್ಮದು ಸ್ಯಾಂಟ್ರಿಯ ಬಿಸಿನೆಸ್ ಪಾರ್ಕಿನ ಒಂದು ಸಣ್ಣ ಕಂಪನಿ. ಆಟಗಾರರು ಜೆರ್ಸಿಯ ಒಳಗೆ ಹಾಕಿಕೊಳ್ಳುವ, ತೋಳಿಲ್ಲದ ಬನಿಯನ್ನಿನಂಥ ವೆಸ್ಟ್ ಮಾಡುತ್ತಿದ್ದೆವು. ಎರಡು ಹೆಗಲಮೂಳೆಗಳ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ, ಎದೆಗೆ ಒಂದು ಪಟ್ಟಿ. ಕಾಲು ಎಷ್ಟು ಜೋರಾಗಿ ತಳ್ಳಿತು, ಮೈ ಎತ್ತ ತಿರುಗಿತು, ಹೃದಯ ಎಷ್ಟು ಹೊಡೆದುಕೊಂಡಿತು ಎಲ್ಲವೂ ಅದರಲ್ಲಿ ದಾಖಲು. ಅಭ್ಯಾಸ ಮುಗಿದ ಮೇಲೆ ಪೆಟ್ಟಿಗೆಗಳನ್ನು ಚಾರ್ಜಿಗೆ ಇಟ್ಟರೆ ಎಲ್ಲ ನಮ್ಮ ಕಡೆಗೆ ಹರಿದು ಬರುತ್ತದೆ. ನಾನು ಅದನ್ನು ಓದಿ ಒಬ್ಬೊಬ್ಬರಿಗೂ ಒಂದು ಬಣ್ಣ ಹಾಕಬೇಕು. ಹಸಿರು ಅಂದರೆ ಆಡಬಹುದು, ಹಳದಿ ಅಂದರೆ ತಡೆಯಿರಿ, ಕೆಂಪು ಅಂದರೆ ಕೂರಿಸಿ. ಕ್ಲಬ್ಬಿನ ವೈದ್ಯರು ಆ ಕಾಲದಲ್ಲಿ ಊರಿನ ಆಸ್ಪತ್ರೆಯ ವಾರ್ಡುಗಳಲ್ಲೇ ಇರುತ್ತಿದ್ದರು. ನಮ್ಮ ಬಣ್ಣ ನೋಡಿ ಸಹಿ ಹಾಕುತ್ತಿದ್ದರು, ಅಷ್ಟೇ. ನನ್ನ ಇಸ್ತ್ರಿ ಹಲಗೆಯ ಮೇಲಿನ ಹಸಿರಿಗೆ ಇದ್ದ ತೂಕ ಅಂಥದ್ದು.

ಇನ್ನು ಕ್ಲಬ್ಬು. ಅದು ಉಕ್ಕಿನ ಕಾರ್ಖಾನೆಯ ಕಾರ್ಮಿಕರೇ ಪಾಳಿ ಮುಗಿಸಿ ಬಂದು ಕಟ್ಟಿದ ತಂಡ. ಈಗ ಎಲ್ಲರೂ ಸಂಬಳದ ವೃತ್ತಿಪರ ಆಟಗಾರರು. ಆದರೂ ಎದೆಯ ಮೇಲೆ ಕುಲುಮೆಯ ಚಿತ್ರ, ಗೋಲು ಬಿದ್ದರೆ ಕೂಗುವುದು ಕಾರ್ಖಾನೆಯ ಹಳೆಯ ಪಾಳಿ ಸೈರನ್. ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅಜ್ಜ ಅಜ್ಜಿಯ ಜೊತೆ ಬೆಳೆದವಳು. ಆ ಸೈರನ್ ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತಿದ್ದೆ. ಐಸ್ ಹಾಕಿಯ ಗಂಧಗಾಳಿ ನನಗೆ ಇರಲಿಲ್ಲ. ಐರ್ಲೆಂಡಿನಲ್ಲಿ ವರ್ಷಪೂರ್ತಿ ತೆರೆದಿರುವ ಒಂದು ಐಸ್ ರಿಂಕ್ ಕೂಡ ಆಗ ನಾನು ಕಂಡಿರಲಿಲ್ಲ. ನಾವು ಆ ಆಟವನ್ನು ಕಲಿತದ್ದು ಪೂರ್ತಿ ಗ್ರಾಫುಗಳ ಮೇಲೆಯೇ.

"ಕ್ಯಾಪ್ಟನ್ ಡೇಟಾ ನೋಡಿದೆಯಾ? ಹೇಗಿದೆ?" ಅಂದರು ಬಾಸ್.

"ಚೆನ್ನಾಗಿದೆ," ಅಂದೆ. "ತುಂಬಾ ಚೆನ್ನಾಗಿದೆ."

"ಗ್ರ್ಯಾಂಡ್," ಅಂದು ಬಾಸ್ ಕಾಲ್ ಮುಗಿಸಿದರು. ಆ ದೇಶದಲ್ಲಿ ಸರಿ, ಆಯ್ತು, ಪರವಾಗಿಲ್ಲ ಎಲ್ಲದಕ್ಕೂ ಗ್ರ್ಯಾಂಡ್. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಅದು ಬೇಕಾದ್ದಕ್ಕಿಂತ ಚೆನ್ನಾಗಿತ್ತು. ಐಸ್ ಹಾಕಿಯಲ್ಲಿ ಆಟಗಾರ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಇದ್ದ ಶಕ್ತಿಯನ್ನೆಲ್ಲ ಸುರಿದು ಆಡಿ ಬೆಂಚಿಗೆ ಬರುತ್ತಾನೆ, ಉಸಿರು ಕೂಡಿಸಿಕೊಂಡು ಮತ್ತೆ ಇಳಿಯುತ್ತಾನೆ. ಬೆಂಚಿನಲ್ಲಿ ಹೃದಯದ ಬಡಿತ ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದೇ ನಮಗೆ ಮುಖ್ಯ. ಜ್ವರ ಬಂದು ಎದ್ದ, ಮೂವತ್ತೈದರ ಆಸುಪಾಸಿನ ಈ ಮನುಷ್ಯನ ಹೃದಯ, ಜ್ವರಕ್ಕಿಂತ ಮುಂಚೆ ತಣ್ಣಗಾಗುತ್ತಿದ್ದುದಕ್ಕಿಂತ ಬೇಗ ತಣ್ಣಗಾಗುತ್ತಿತ್ತು. ಹಾಗೆ ಆಗಬಾರದು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ನಿನ್ನ ಯಂತ್ರವನ್ನು ಅನುಮಾನಿಸು, ಮನುಷ್ಯನನ್ನು ಆಮೇಲೆ. ಎದೆಪಟ್ಟಿ ಸಡಿಲವಾಗಿತ್ತೇ ಅಂತ ನೋಡಿದೆ, ಇರಲಿಲ್ಲ. ಪೆಟ್ಟಿಗೆಯ ಗಡಿಯಾರ ತಪ್ಪಿದೆಯೇ ಅಂತ ನೋಡಿದೆ, ತಪ್ಪಿರಲಿಲ್ಲ. ಕೊನೆಗೆ ಗೆಳೆಯನಿಗೆ ಫೋನ್ ಮಾಡಿದೆ.

"ನೀನು ನಮಗೆ ಹೇಳದೆ ಏನಾದ್ರೂ ಅಪ್‌ಡೇಟ್ ಕಳಿಸಿದ್ದೀಯಾ?"

"ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ಕಳ್ಳನನ್ನು ಹಿಡಿಯುವ ಹಾಗೆ ಕೇಳ್ತೀ? ಡಿವೈಸ್ ಸರಿ ಉಂಟು."

"ಸರಿ ಇದ್ರೆ ಈ ಗ್ರಾಫ್ ಯಾಕೆ ಹಿಂಗೈತೆ?"

"ಅವನ ಹೃದಯ ಗಟ್ಟಿ ಉಂಟು. ಅದಕ್ಕೆ ನಾನೆಂತ ಮಾಡ್ಲಿ? ನಿನಗೆ ಯಾರಾದ್ರೂ ಹುಷಾರಾದ್ರೆ ಖುಷಿಯೇ ಇಲ್ಲ, ಅಲ್ವಾ?"

ಆದರೂ ಪುಣ್ಯಾತ್ಮ ಅಂಥದ್ದೇ ಒಂದು ವೆಸ್ಟ್ ತೊಟ್ಟು ಸ್ವೋರ್ಡ್ಸ್‌ನ ತನ್ನ ಹೌಸಿಂಗ್ ಎಸ್ಟೇಟಿನೊಳಗೆ ಓಡಿ, ಬೆವರಿ, ಡೇಟಾ ಕಳಿಸಿದ. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟಿ ಯಾರೂ ಹೋಗುವಂತಿರದ ಕಾಲ. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ಚಪ್ಪಾಳೆ ತಟ್ಟಿದರಂತೆ. ಯಂತ್ರ ಸರಿಯಾಗಿಯೇ ಇತ್ತು.

ಯಂತ್ರ ಸರಿ ಇದ್ದರೆ ಮನುಷ್ಯ ತಪ್ಪಿರಬೇಕು. ನನ್ನ ಅನುಮಾನ ನೇರವಾಗಿ ಹೋಗಿ ಕೂತದ್ದು ಕೋಚ್ ಮೇಲೆ. ಹೋದ ವರ್ಷದ ಒಳ್ಳೆಯ ದಿನದ ಡೇಟಾವನ್ನೇ ಹೊಸದು ಅಂತ ಕಳಿಸುತ್ತಿದ್ದಾರೆ ಅಂದುಕೊಂಡೆ. ಪುರಾವೆ ಸಿಗುವ ಮೊದಲೇ ಬಾಸ್‌ಗೆ ಹೇಳಿಯೂ ಬಿಟ್ಟೆ. ಆಮೇಲೆ ಹಳೆಯದನ್ನೆಲ್ಲ ತೆಗೆದು ಹೊಸದರ ಜೊತೆ ಇಟ್ಟು ನೋಡಿದರೆ ಒಂದೂ ಹೊಂದಲಿಲ್ಲ. ಎಲ್ಲವೂ ಹೊಸ ಅಭ್ಯಾಸವೇ.

"ಅಂದರೆ ನಮ್ಮ ಗಿರಾಕಿಯನ್ನ ನೀನು ಸುಮ್ಮನೆ ಮೋಸಗಾರ ಅಂದೆ," ಅಂದರು ಬಾಸ್. ಅವರಿಗೆ ಸಿಟ್ಟು ಬಂದಾಗ ದನಿ ಇನ್ನೂ ಮೆತ್ತಗಾಗುತ್ತದೆ. "ಆ ಕ್ಲಬ್ ಬಿಟ್ಟರೆ ನಮಗೆ ಈ ವರ್ಷ ಬೇರೆ ಹಾಕಿ ತಂಡ ಇಲ್ಲ, ಗೊತ್ತಲ್ಲ?"

ಗೊತ್ತಿತ್ತು.

ಬುಧವಾರ ನಾನು ಹೃದಯವನ್ನು ಬಿಟ್ಟು ಕಾಲಿನ ಕಡೆ ನೋಡಿದೆ. ಒಬ್ಬೊಬ್ಬರ ನಡಿಗೆ ಒಂದೊಂದು ಥರ ಇರುವ ಹಾಗೆ ಐಸ್ ಮೇಲೆ ಕಾಲು ತಳ್ಳುವ ರೀತಿಯೂ ಒಬ್ಬೊಬ್ಬರದು ಒಂದೊಂದು. ಕ್ಯಾಪ್ಟನ್ನರ ಬಲಗಾಲಿನ ಗಂಟು ಹಿಂದೆ ಯಾವಾಗಲೋ ಆಟದ ಗಟ್ಟಿ ರಬ್ಬರ್ ತಟ್ಟೆ, ಪಕ್, ಬಡಿದು ಮುರಿದಿತ್ತು. ಕೂಡಿದ ಮೇಲೂ ಅವರ ಬಲಗಾಲಿನ ತಳ್ಳು ಎಡಗಾಲಿನದಕ್ಕಿಂತ ಗಿಡ್ಡ. ಗೆದ್ದ ದಿನ, ಸೋತ ದಿನ, ಯಾವ ದಿನ ನೋಡಿದರೂ ಅದು ಹಾಗೆಯೇ. ಈಗ ನೋಡಿದರೆ ಒಂದು ದಿನದ ಡೇಟಾದಲ್ಲಿ ಎರಡು ಕಾಲೂ ಸಮ. ಮರುದಿನ ಎಡಗಾಲು ಗಿಡ್ಡ. ಅದರ ಮರುದಿನ ಎರಡೂ ಉದ್ದುದ್ದ, ಯಾರೋ ಎತ್ತರದ ಆಳಿನದು. ಬಲಗಾಲು ಗಿಡ್ಡ ಇರುವ ದಿನ ಒಂದೂ ಇಲ್ಲ.

ಗೆಳೆಯನಿಗೆ ತೋರಿಸಿದೆ. ಈ ಸಲ ಅವನು ಜೋಕ್ ಮಾಡಲಿಲ್ಲ. "ಪೆಟ್ಟಿಗೆಗಳು ಅದಲು ಬದಲಾಗಿರಬಹುದಾ?" ಅಂದ.

"ಒಂದು ದಿನ ಆದ್ರೆ ಒಪ್ತೀನಿ. ದಿನಾ ಬೇರೆ ಬೇರೆಯವರ ಜೊತೆಗಾ?"

"ಹಾಗಾದ್ರೆ ಇದು ಬೇಕೂಂತ ಮಾಡಿದ್ದು. ಒಬ್ಬನಲ್ಲ, ನಾಲ್ಕೈದು ಜನ ಸೇರಿ."

ಕ್ಲಬ್ಬಿನವರ ಜೊತೆ ಮತ್ತೆ ವೀಡಿಯೋ ಕಾಲ್ ಇಟ್ಟೆ. ಅಭ್ಯಾಸದ ವೀಡಿಯೋ ಕೊಡಿ ಅಂದೆ. ಕೋಚ್ ಕೈ ಬೀಸಿ ಬೀಸಿ ಒಂದು ನಿಮಿಷ ಮಾತಾಡಿದರು. ದುಭಾಷಿ ನೆಲ ನೋಡುತ್ತಾ, "ಕ್ಯಾಮೆರಾದವರಿಗೆ ಒಳಗೆ ಪ್ರವೇಶ ಇಲ್ಲವಂತೆ," ಅಂದಳು. ಅಷ್ಟೇ. ಉಳಿದ ಮಾತೆಲ್ಲ ಎಲ್ಲಿ ಹೋಯಿತು? ಅಭ್ಯಾಸದಲ್ಲಿ ನೀವು ಕ್ಯಾಪ್ಟನ್ನರ ಹತ್ತಿರ ಇರುತ್ತೀರಾ ಅಂತ ಕೇಳಿದೆ. ಕೋಚ್ ಮತ್ತೆ ಉದ್ದಕ್ಕೆ ಮಾತಾಡಿದರು. "ಎಲ್ಲ ಸರಿ ಇದೆ ಅಂತಾರೆ," ಅಂದಳು ಹುಡುಗಿ. ಅವಳು ಕಣ್ಣಿಗೆ ಮಣ್ಣೆರಚುತ್ತಿದ್ದಾಳೆ ಅನ್ನುವುದು ಭಾಷೆ ಬಾರದ ನನಗೂ ಗೊತ್ತಾಯಿತು. ನನ್ನ ದನಿ ಏರಿರಬೇಕು. ಬಾಗಿಲ ಸಂದಿಯಿಂದ ನನ್ನ ಮಗಳು ಇಣುಕಿ, ಡಬ್ಲಿನ್ ಮಕ್ಕಳ ರಾಗದಲ್ಲಿ, "ಅಮ್ಮಾ, ಯೂ ಆರ್ ಗಿವಿಂಗ್ ಔಟ್ ಅಗೇನ್," ಅಂದಳು. ಮತ್ತೆ ಬೈತಿದ್ದೀಯ ಅಂತ ಅರ್ಥ.

ಕಾಲ್ ಆದ ಮೇಲೆ ಬಾಸ್ ಒಂದು ದಾರಿ ಹೇಳಿದರು. "ಇದು ಮೋಸ ಅಂತ ನಿನಗೆ ಖಾತ್ರಿ ಇದ್ದರೆ ಲೀಗ್‌ಗೆ ಬರೆದುಬಿಡೋಣ. ಕ್ಲಬ್ ಹೋದರೂ ಹೋಗಲಿ, ನಮ್ಮ ಕೈ ಶುದ್ಧ. ಖಾತ್ರಿ ಇಲ್ಲದಿದ್ದರೆ ಹಸಿರು ಕೊಡು. ಎರಡರಲ್ಲಿ ಒಂದು."

ಎರಡೂ ನನಗೆ ಬೇಡವಾಗಿತ್ತು. ಸ್ಲೈಗೋದಲ್ಲಿ ನಮ್ಮ ಉಡುಪಿ ಕಡೆಯ ಅಕ್ಕ ಒಬ್ಬರಿದ್ದಾರೆ, ಹೃದಯದ ಡಾಕ್ಟರು. ಹಬ್ಬದ ಊಟದಲ್ಲಿ ಪರಿಚಯ. ಊರು ಹೆಸರು ಹೇಳದೆ ವಿಷಯ ಮಾತ್ರ ಹೇಳಿದೆ. ವಾರ್ಡಿನಿಂದ ಆಗಷ್ಟೇ ಬಂದಿದ್ದ ಅವರಿಗೆ ಮಾತಾಡಲೂ ಸುಸ್ತು.

"ಈ ಜ್ವರ ಕೆಲವರಿಗೆ ಹೃದಯದ ಮಾಂಸಕ್ಕೇ ಬಾವು ತರ್ತದೆ. ಮೆಟ್ಟಿಲು ಹತ್ತಿದ್ರೆ ಏನೂ ಗೊತ್ತಾಗುದಿಲ್ಲ. ಜೋರು ಓಡಿದಾಗ ಧಡ್ ಅಂತ ಬೀಳ್ತಾರೆ. ಎತ್ತಿದ್ರೂ ಕೆಲವು ಸಲ ಏಳುದಿಲ್ಲ."

"ಅವನ ಡೇಟಾ ಅವನದ್ದಲ್ಲ ಅಂತ ಬರೀ ಅನುಮಾನ ಅಕ್ಕ. ಪ್ರೂಫ್ ಅಂತ ಕೂತ್ರೆ ಶನಿವಾರ ಬಂದುಬಿಡತ್ತೆ."

"ಪ್ರೂಫ್ ಯಾಕೆ ಬೇಕು? ಕಳ್ಳನನ್ನು ಹಿಡೀಲಿಕ್ಕೆ ಬೇಕು. ನೀನು ಹಿಡೀಬೇಕಾದ್ದು ಕಳ್ಳನನ್ನಾ, ಅವನ ಹೃದಯವನ್ನಾ?"

ನಾನು ಅಲ್ಲಿಯವರೆಗೆ ಕಳ್ಳನನ್ನೇ ಹುಡುಕುತ್ತಿದ್ದೆ. ಮರುದಿನ ಬೆಳಿಗ್ಗೆ ಬಾಸ್‌ಗೂ ಹೇಳದೆ ದುಭಾಷಿಗೆ ನೇರ ಫೋನ್ ಮಾಡಿದೆ. ನಮ್ಮಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲ. ಆಕೆಯೂ ತಕ್ಷಣ ಅನುಮಾನ ಬಿದ್ದಳು.

"ಇದನ್ನ ರೆಕಾರ್ಡ್ ಮಾಡ್ತಿದ್ದೀರಾ?"

"ಇಲ್ಲ."

"ಫೋನ್ ಮಾಡಿದ್ದು ನೀವಾ, ನಿಮ್ಮ ಕಂಪನಿಯಾ?"

"ನಾನು. ಕಂಪನಿಗೆ ಗೊತ್ತಾದ್ರೆ ಬೈತಾರೆ."

ವೆಸ್ಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಡಾಕ್ಟರಕ್ಕ ಹೇಳಿದ್ದನ್ನಷ್ಟೇ ಹೇಳಿದೆ: ಬಾವು, ಜೋರು ಓಟ, ಬೀಳುವುದು. ಆ ಕಡೆ ಎಲ್ಲೋ ಒಂದು ಬಾಗಿಲು ಮುಚ್ಚಿದ ಸದ್ದು. ಆಮೇಲೆ ದನಿ ಇಳಿಸಿ ಶುರು ಮಾಡಿದಳು.

ಅವಳ ಅಪ್ಪನೂ ಆ ಕಾರ್ಖಾನೆಯವರೇ. ಅಲ್ಲಿ ಪ್ರತಿ ಕಾರ್ಮಿಕನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಪಾಳಿಗೆ ಬಂದವನು ಅದನ್ನು ಹಲಗೆಯ ಮೇಲಿನ ತನ್ನ ಮೊಳೆಗೆ ನೇತುಹಾಕಬೇಕು. ಒಬ್ಬ ಕಾಯಿಲೆ ಬಿದ್ದರೆ ಜೊತೆಯವರು ಅವನ ಬಿಲ್ಲೆಯನ್ನು ತಾವೇ ನೇತುಹಾಕಿ, ಅವನ ಕೆಲಸವನ್ನು ಹಂಚಿಕೊಂಡು ಮಾಡಿಬಿಡುತ್ತಿದ್ದರು. ಮೇಸ್ತ್ರಿಯ ಕಣ್ಣಿಗೆ ಖಾಲಿ ಮೊಳೆ ಬೀಳಬಾರದು. ಕ್ಲಬ್ಬಿನ ಡ್ರೆಸ್ಸಿಂಗ್ ರೂಮಿನಲ್ಲಿ ಇವತ್ತಿಗೂ ಅಂಥದ್ದೇ ಹಲಗೆ ಇದೆ, ಅಂಥವೇ ಬಿಲ್ಲೆಗಳಿವೆ. ಕ್ಯಾಪ್ಟನ್ ಒಂದು ಸುತ್ತು ಬಂದರೆ ಏದುಸಿರು ಬಿಟ್ಟು ಗೋಡೆ ಹಿಡಿದುಕೊಳ್ಳುತ್ತಾರೆ. ಆ ವಯಸ್ಸಿನಲ್ಲಿ ಆಟದ ಈ ಋತು ಹೊರಗೆ ಕೂತರೆ ಮುಂದಿನ ಋತು ಯಾರೂ ಕರೆಯುವುದಿಲ್ಲ. ಇನ್ನೊಂದು ವಾರ ಕೊಡಿ, ಸರಿಯಾಗುತ್ತೇನೆ ಅಂದರಂತೆ. ಜೊತೆಯ ಆಟಗಾರರು ದಿನಕ್ಕೊಬ್ಬರಂತೆ ಜೆರ್ಸಿ ಸಮೇತ ಅವರ ವೆಸ್ಟ್ ತೊಟ್ಟರು.

"ಕೋಚ್‌ಗೆ?"

"ಅವರಿಗೆ ಗೊತ್ತಿಲ್ಲ. ಸೋಂಕಿನ ನಿಯಮ ಅಂತ ಅವರನ್ನ ಗಾಜಿನ ಆಚೆ ನಿಲ್ಲಿಸಿದ್ದಾರೆ. ಹೆಲ್ಮೆಟ್ ಹಾಕಿಕೊಂಡ ಮೇಲೆ ಎಲ್ಲರೂ ಒಂದೇ ಥರ. ಅವರು ವೀಡಿಯೋ ಬೇಕಾದರೆ ಹೊರಗಿನಿಂದ ತೆಗೆದುಕೊಡುತ್ತೇನೆ ಅಂದಿದ್ದರು. ಅದನ್ನ ನಾನೇ ನಿಮಗೆ ಹೇಳಲಿಲ್ಲ."

ಇಷ್ಟು ದಿನ ನಾನು ಮನಸ್ಸಿನಲ್ಲೇ ಕೋಳ ತೊಡಿಸಿದ್ದ ಮನುಷ್ಯ ಒಬ್ಬನೇ ಅಲ್ಲಿ ಏನೂ ಗೊತ್ತಿಲ್ಲದವನಾಗಿದ್ದ.

ನನಗೆ ನಮ್ಮ ಅಜ್ಜನ ಬಿಲ್ಲೆ ನೆನಪಾಯಿತು. ಭದ್ರಾವತಿಯಲ್ಲೂ ಹೀಗೇ ಇತ್ತು. ಅಜ್ಜ ಅದನ್ನು ಜನಿವಾರದ ಹಾಗೆ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದರು. ಅವರು ಹೇಳಿದ್ದ ಒಂದು ಮಾತನ್ನು ಅವಳಿಗೆ ಹೇಳಿದೆ. "ನಮ್ಮಜ್ಜನೂ ಕುಲುಮೆ ಹತ್ತಿರ ಕೆಲಸ ಮಾಡಿದೋರು. ಬಿಲ್ಲೆ ಇರೋದು ಹಾಜರಿಗಲ್ಲ ಅಂತಿದ್ರು. ಕುಲುಮೆ ಸಿಡಿದ್ರೆ ಒಳಗೆ ಯಾರ್ಯಾರು ಸಿಕ್ಕಿಕೊಂಡಿದ್ದಾರೆ ಅಂತ ಬಿಲ್ಲೆ ನೋಡಿಯೇ ಹುಡುಕೋಕೆ ಹೋಗೋದು. ಶನಿವಾರ ಆತ ಬಿದ್ರೆ, ಅವನು ಗಟ್ಟಿಯಾಗಿದ್ದ ಅಂತ ನಿಮ್ಮ ಬಿಲ್ಲೆ ಹೇಳತ್ತೆ. ಡಾಕ್ಟ್ರು ಎಲ್ಲಿ ಅಂತ ಹುಡುಕ್ತಾರೆ?"

ಅವಳು ಅಳುತ್ತಿದ್ದಳೋ, ಮೂಗು ಒರೆಸಿಕೊಂಡಳೋ ತಿಳಿಯಲಿಲ್ಲ. "ಆಟಗಾರರಿಗೆ ಈ ಮಾತನ್ನ ಹೇಳ್ತೀನಿ," ಅಂದಳು. "ಕೇಳ್ತಾರೋ ಇಲ್ವೋ."

ಕೇಳದಿದ್ದರೆ? ನಂಬಿ ಕೂರುವಂತಿರಲಿಲ್ಲ. ಬಾಸ್‌ಗೆ ಫೋನ್ ಮಾಡಿ ತೀರ್ಮಾನ ಹೇಳಿದೆ: ಲೀಗ್‌ಗೆ ಬರೆಯುವುದಿಲ್ಲ, ಹಸಿರೂ ಕೊಡುವುದಿಲ್ಲ. ಕ್ಲಬ್ಬಿನ ವೈದ್ಯರಿಗೆ ನೇರವಾಗಿ ಎರಡೇ ಸಾಲು. ನಮ್ಮ ಹತ್ತಿರ ಇರುವ ಡೇಟಾ ಈ ಆಟಗಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೃದಯದ ಸ್ಕ್ಯಾನ್ ಆಗುವವರೆಗೆ ನಾವು ಯಾವ ಬಣ್ಣವನ್ನೂ ಹಾಕುವುದಿಲ್ಲ.

"ಏನನ್ನೂ ಹೇಳುವುದಿಲ್ಲ ಅಂದರೆ ನಮ್ಮ ವೆಸ್ಟೇ ದಂಡ ಅಂತ ನಾವೇ ಬರೆದುಕೊಟ್ಟ ಹಾಗೆ," ಅಂದರು ಬಾಸ್.

"ಹೌದು."

"ಯಾಕೆ ಅಂತ ಅವರು ಕೇಳಿದರೆ?"

"ಯಂತ್ರದ ತಪ್ಪು ಇರಬಹುದು ಅನ್ನೋಣ. ಹುಡುಗರ ಹೆಸರು ಬೇಡ."

"ನಿನಗೆ ಏನೋ ಗೊತ್ತಾಗಿದೆ. ನನಗೆ ಹೇಳ್ತಿಲ್ಲ."

"ಹೇಳಿದ್ರೆ ನೀವು ಲೀಗ್‌ಗೆ ಬರೀಲೇಬೇಕಾಗತ್ತೆ."

ಅವರ ಅಡುಗೆಮನೆಯಲ್ಲಿ ಕೆಟಲ್ ಕುದಿದು ಆರಿತು. "ಗ್ರ್ಯಾಂಡ್," ಅಂದರು ಕೊನೆಗೆ. ಅಷ್ಟು ಕಹಿಯಾದ ಗ್ರ್ಯಾಂಡ್ ನಾನು ಐರ್ಲೆಂಡಿನಲ್ಲಿ ಇನ್ನೊಂದು ಕೇಳಿಲ್ಲ. "ಕಳಿಸು. ನನ್ನ ಹೆಸರೂ ಹಾಕು."

ಗೆಳೆಯನಿಗೆ ಮಾತ್ರ ಮುಖ ಊದಿಕೊಂಡಿತು. "ನನ್ನ ಡಿವೈಸನ್ನ ಬಲಿ ಕೊಟ್ಟೆಯಲ್ಲ ಮಾರಾಯ್ತಿ! ಅದಕ್ಕೋಸ್ಕರ ನಾನು ಎಸ್ಟೇಟಲ್ಲಿ ಹುಚ್ಚನ ಹಾಗೆ ಓಡಿದ್ದಾ?"

ಶುಕ್ರವಾರ ಮಧ್ಯಾಹ್ನ ಕೋಚ್ ಕಾಲ್ ಮಾಡಿ ಕೂಗಾಡಿದರು. ಈ ಸಲ ದುಭಾಷಿ ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದಳು, ಬೈಗುಳದ ಸಮೇತ. ನಾನು ಹೇಳಿದೆ, "ಕ್ಯಾಪ್ಟನ್ನರಿಗೆ ವೆಸ್ಟ್ ತೊಡಿಸಿ. ಗಾಜಿನ ಆಚೆಯಿಂದ ಅಲ್ಲ, ನಿಮ್ಮ ಕೈಯಾರೆ. ನಿಧಾನಕ್ಕೆ ಒಂದೇ ಸುತ್ತು ಸಾಕು. ಪೆಟ್ಟಿಗೆಯನ್ನು ಲೈವ್‌ಗೆ ಹಾಕಿ, ನಾವು ಇಲ್ಲಿಂದಲೇ ನೋಡುತ್ತೇವೆ." ಕೋಚ್ ಹೂಂ ಅಂದರು, ಸವಾಲು ಒಪ್ಪಿಕೊಂಡವರ ಹಾಗೆ. ಆಮೇಲೆ ಚೌಕದಲ್ಲಿ ಕ್ಯಾಪ್ಟನ್ ಬಂದು ನಿಂತರು. ಅವರನ್ನು ಹೆಲ್ಮೆಟ್ ಇಲ್ಲದೆ ನೋಡಿದ್ದು ನಾನು ಅದೇ ಮೊದಲು. ಅಗಲ ಹಣೆ, ಕಣ್ಣ ಕೆಳಗೆ ಕಪ್ಪು. ಹಿಂದೆ ಜೊತೆಯ ಆಟಗಾರರು ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬ ತಾನು ತೊಟ್ಟಿದ್ದ, ಕ್ಯಾಪ್ಟನ್ನರ ನಂಬರಿನ ವೆಸ್ಟನ್ನು ಎಲ್ಲರೆದುರಿಗೇ ಬಿಚ್ಚಿ ಕ್ಯಾಪ್ಟನ್ನರ ಕೈಗೆ ಕೊಟ್ಟ. ಕೋಚ್ ಅವನನ್ನು ನೋಡಿದರು, ಕ್ಯಾಪ್ಟನ್ನರನ್ನು ನೋಡಿದರು, ಆಮೇಲೆ ಕೂಗಲಿಲ್ಲ.

ಅರ್ಧ ಸುತ್ತಿಗೇ ನನ್ನ ಪರದೆಯ ಮೇಲಿನ ಗೆರೆ ಚಾವಣಿ ಮುಟ್ಟಿತು. ಬಲಗಾಲಿನ ತಳ್ಳು ಗಿಡ್ಡ, ಎಡದ್ದು ಉದ್ದ. ಅವರೇ, ಸಂಶಯವಿಲ್ಲ. ನಿಲ್ಲಿಸಿ ಅಂತ ನಾನು ಕೂಗಿದ್ದು ಕನ್ನಡದಲ್ಲಿ. ಅವರು ಬೆಂಚಿಗೆ ಬಂದು ಕೂತರು. ಗೆರೆ ಇಳಿಯಲೇ ಇಲ್ಲ. ಗೆಳೆಯ, ಬಾಸ್, ನಾನು, ಮೂರು ಮನೆಗಳಲ್ಲಿ ಕೂತು ಆ ಗೆರೆ ಇಳಿಯಲಿ ಅಂತ ಕಾಯುತ್ತಿದ್ದೆವು. ನಾನು ಕೆಂಪು ಒತ್ತಿದೆ.

ಸ್ಕ್ಯಾನಿನಲ್ಲಿ ಬಾವು ಕಾಣಿಸಿತು. ತಿಂಗಳುಗಟ್ಟಲೆ ಓಡುವಂತಿಲ್ಲ, ಭಾರ ಎತ್ತುವಂತಿಲ್ಲ ಅಂದರು ವೈದ್ಯರು. ಶನಿವಾರ ತಂಡ ಸೋತಿತು. ಕ್ಲಬ್ ಸಭ್ಯವಾಗಿ ಧನ್ಯವಾದ ಹೇಳಿ ನಮ್ಮ ವೆಸ್ಟುಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿ ವಾಪಸ್ ಕಳಿಸಿತು. ಆಟಗಾರರು ಇನ್ನು ಅದನ್ನು ತೊಡಲು ಒಪ್ಪುತ್ತಿಲ್ಲ, ಅದು ಚಾಡಿ ಹೇಳುತ್ತದೆ ಅನ್ನುತ್ತಾರೆ ಅಂತ ದುಭಾಷಿ ಬರೆದಿದ್ದಳು. ಅವರ ಅನುಮಾನ ತಪ್ಪೂ ಅಲ್ಲ.

ಮುಂದಿನ ಋತು ಶುರುವಾದಾಗ ದುಭಾಷಿ ಒಂದು ಲಿಂಕ್ ಕಳಿಸಿದಳು, ಬೇರೆ ಏನೂ ಬರೆದಿರಲಿಲ್ಲ. ಸ್ಯಾಂಟ್ರಿಯಲ್ಲಿ ವಿಮಾನಗಳ ಸದ್ದು ಮತ್ತೆ ಕೇಳಲು ಶುರುವಾಗಿತ್ತು. ಗೆಳೆಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಬಂದಿದ್ದ. ಅವನೂ ನಾನೂ ಸೋಫಾದ ತುದಿಯಲ್ಲಿ ಕೂತು ತಡೆದು ತಡೆದು ಬರುತ್ತಿದ್ದ ಆ ಪಂದ್ಯ ನೋಡಿದೆವು. ಕ್ಯಾಪ್ಟನ್ ಆಡುತ್ತಿದ್ದರು. ಎರಡನೆಯ ಅವಧಿಯಲ್ಲಿ ಎದುರಾಳಿಯೊಬ್ಬನನ್ನು ರಿಂಕಿನ ಅಂಚಿನ ಹಲಗೆಗೆ ಒತ್ತಿ ಕೆಡವಿದರು. ರೆಫರಿ ಸೀಟಿ ಊದಿ ಶಿಕ್ಷೆಗೆ ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರಲು ಕಳಿಸಿದ. ಕ್ಯಾಮೆರಾ ಅವರ ಮುಖದ ಹತ್ತಿರ ಹೋಯಿತು. ಬಾಯಿ ತೆರೆದಿತ್ತು, ಎದೆ ಜೋರಾಗಿ ಏರಿ ಇಳಿಯುತ್ತಿತ್ತು. ನಮ್ಮ ಹತ್ತಿರ ಗ್ರಾಫ್ ಇರಲಿಲ್ಲ. ಗೆಳೆಯ ತಟ್ಟೆ ಕೆಳಗಿಟ್ಟ. ನಾನು ಟಿವಿಯ ಹತ್ತಿರ ಹೋಗಿ ಆ ಎದೆಯನ್ನೇ ನೋಡುತ್ತಾ ನಿಂತೆ.

ನಿಧಾನವಾಗಿ ಬಾಯಿ ಮುಚ್ಚಿತು. ಹೆಗಲು ಇಳಿಯಿತು. ಅವರು ಪಕ್ಕದವನಿಗೆ ಏನೋ ಹೇಳಿ ನಕ್ಕರು, ನೀರು ಕುಡಿದರು. ಆಮೇಲೆ ಬಾಕ್ಸಿನ ಬಾಗಿಲು ತೆರೆಯಿತು, ಐಸ್ ಮೇಲೆ ಇಳಿದು ಹೋದರು.